ಹತ್ತು ನಿಮಿಷ ಮುಂದಿನ ಬೆಲ್ಲ

ಕೆಟ್ಟುಹೋದ ವಸ್ತು ತಾನಾಗಿ ಸರಿಹೋಯಿತು ಎಂದರೆ ನಮ್ಮ ಭಾವನಿಗೆ ಆ ದಿನ ಊಟ ಸೇರುವುದಿಲ್ಲ! ನೀವು ನಂಬುವುದಿಲ್ಲವೆಂದು ನನಗೆ ಗೊತ್ತು. ಲೋಕದಲ್ಲಿ ಎಲ್ಲರೂ ಏನು ಮಾಡುತ್ತಾರೆ? ನಿಂತ ಫ್ಯಾನು ಕೋಲಿನಿಂದ ಒಂದು ತಿವಿದ ಕೂಡಲೇ ತಿರುಗಿದರೆ, ಸದ್ಯ ಬದುಕಿದೆವು ಎಂದು ಅದರ ಕೆಳಗೆ ಕಾಲು ಚಾಚಿ ಮಲಗುತ್ತಾರೆ. ನಮ್ಮ ಭಾವ ಮಾತ್ರ ಮಣ್ಣಿಗೆ ಹೋಗಿ ಬಂದವರ ಹಾಗೆ ಮುಖ ಇಳಿಬಿಟ್ಟು, ತಿರುಗುವ ಫ್ಯಾನನ್ನೇ ನೋಡುತ್ತಾ ಕೂರುತ್ತಾರೆ. “ಸರಿಹೋತಲ್ಲ ಭಾವ, ಬಿಡ್ರಿ” ಎಂದರೆ, “ತಾನಾಗಿ ಸರಿಹೋಗಿದ್ದು ಸರಿಹೋಗಿಲ್ಲವ್ವ, ಅಡಗಿ ಕೂತೈತೆ” ಎನ್ನುತ್ತಾರೆ. ಆಮೇಲೆ ಆ ಫ್ಯಾನು ಮತ್ತೆ ಕೆಡುವವರೆಗೂ ಅವರಿಗೆ ಸಮಾಧಾನವಿಲ್ಲ.

ಅವರ ಬಾಯಲ್ಲಿ ಸದಾ ಇರುವುದು ಒಂದೇ ಮಂತ್ರ: “ಇನ್ನೊಂದ್ ಸಲ ಮಾಡ್ರಿ ನೋಡೋಣ.” ಒಮ್ಮೆ ನಮ್ಮ ಅಪ್ಪಾಜಿ ಮಗಳನ್ನು ನೋಡಲೆಂದು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಅವರ ಮನೆಗೆ ಬಂದಿದ್ದರು. ಊಟದ ನಡುವೆ ಬಿಕ್ಕಳಿಕೆ ಹತ್ತಿತು. ಅಕ್ಕ ನೀರು ಕೊಟ್ಟಳು, ನಿಂತಿತು. ಮುಗಿಯಿತಲ್ಲ? ಭಾವನಿಗೆ ಮುಗಿಯಲಿಲ್ಲ. “ಮಾವಾರೆ, ಯಾವ ತುತ್ತಿಗೆ ಬಂತು ಅದು?” ಎಂದರು. ಅಪ್ಪಾಜಿ ಪಾಪ, “ಎಣಗಾಯಿ ತುತ್ತಿಗೆ ಇರ್ಬೇಕಪ್ಪ” ಎಂದುಬಿಟ್ಟರು. ಶುರುವಾಯಿತು! ಮತ್ತೆ ಎಣಗಾಯಿ ಬಡಿಸಿದ್ದೇನು, ಮೊದಲು ಎಡಗಾಲು ಮಡಚಿ ಕೂತಿದ್ದರೆಂದು ಮತ್ತೆ ಅದೇ ಕಾಲು ಮಡಚಿಸಿದ್ದೇನು, ಆಗ ಮಾತಾಡುತ್ತಿದ್ದ ನಮ್ಮ ದೊಡ್ಡಪ್ಪನ ಹೊಲದ ವಿಷಯವನ್ನೇ ಮತ್ತೆ ಎತ್ತಿಸಿದ್ದೇನು! ಮೂರನೆಯ ರೊಟ್ಟಿಗೆ ಬಿಕ್ಕಳಿಕೆ ಬಂದಾಗ ಭಾವ ಚಪ್ಪಾಳೆ ಹೊಡೆದರು. ಅಪ್ಪಾಜಿ ಊರಿಗೆ ಹೋಗಿ ಅವ್ವನ ಮುಂದೆ, “ಅಳಿಯಂದ್ರು ಉಣ್ಣಾಕ ಕರೀತಾರೋ ಪರೀಕ್ಷೆ ಬರೆಯಾಕ ಕರೀತಾರೋ ತಿಳಿಯಂಗಿಲ್ಲ” ಎಂದರಂತೆ. ಆದರೂ ಅಳಿಯನ ಮೇಲೆ ಅವರಿಗೆ ಪ್ರೀತಿಯೇ.

ವಿನೋಬನಗರದಲ್ಲಿ ಭಾವನದೊಂದು ಅಂಗಡಿ. ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದವರು ಆಮೇಲೆ ಕಂಪ್ಯೂಟರ್ ಜೋಡಿಸಿ ಕೊಡುವುದಕ್ಕೂ ಇಳಿದಿದ್ದರು. ಗಿರಾಕಿಗಳು ಅವರ ಕೈಗುಣ ಹೊಗಳುತ್ತಿದ್ದರು, ಮನೆಗೆ ಕರೆಯಲು ಮಾತ್ರ ಹೆದರುತ್ತಿದ್ದರು. ಒಬ್ಬರ ಟೀವಿಯಲ್ಲಿ ಚಿತ್ರ ಆಗೊಮ್ಮೆ ಈಗೊಮ್ಮೆ ನಡುಗುತ್ತಿತ್ತು. ಭಾವ ಹೋದಾಗ ನಡುಗಲಿಲ್ಲ. ಬೇರೆಯವರಾಗಿದ್ದರೆ ಎದ್ದು ಬರುತ್ತಿದ್ದರು. ಇವರು ಅದು ನಡುಗುವವರೆಗೂ ಆ ಮನೆಯ ಸೋಫಾ ಬಿಡಲಿಲ್ಲ. ವಾರವಿಡೀ ಸಂಜೆ ಸಂಜೆ ಹೋಗಿ ಆ ಮನೆಯವರ ಮಂಡಕ್ಕಿ ಮೆಣಸಿನಕಾಯಿ ತಿಂದು, ಅವರ ಮಗಳ ಮದುವೆ ಮಾತುಕತೆಯಲ್ಲೂ ಎರಡು ಮಾತು ಸೇರಿಸಿ, ಕೊನೆಗೆ ಪಕ್ಕದ ಮನೆಯವರು ರುಬ್ಬುವ ಗ್ರೈಂಡರ್ ಹಾಕಿದಾಗ ಮಾತ್ರ ಚಿತ್ರ ನಡುಗುತ್ತದೆಂದು ಕಂಡುಹಿಡಿದರು. ಗ್ರೈಂಡರನ್ನೂ ರಿಪೇರಿ ಮಾಡಿಕೊಟ್ಟೇ ಬಂದರು. ಆ ಹುಡುಗಿಯ ಮದುವೆಯೂ ಆಯಿತು ಅನ್ನಿ.

ಇದೊಂದೇ ಹುಚ್ಚಾಗಿದ್ದರೆ ಹೇಗೋ ನಡೆಯುತ್ತಿತ್ತು. ಇನ್ನೊಂದಿತ್ತು, ಗಡಿಯಾರದ ಹುಚ್ಚು! ಆಕಾಶವಾಣಿಯ ಸಮಯಕ್ಕೆ ಒಂದು ನಿಮಿಷ ಹೆಚ್ಚುಕಡಿಮೆಯಾದ ಗಡಿಯಾರ ಕಂಡರೆ ಅವರ ಕೈ ತುರಿಸುತ್ತದೆ. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಸ್ಟೂಲು ಹುಡುಕುತ್ತಾರೆ. “ತಪ್ಪು ಟೈಮ್ ಅಂದ್ರೆ ಗೋಡೆ ಮ್ಯಾಲೆ ತೂಗಾಕಿದ ಸುಳ್ಳು” ಎಂಬುದು ಅವರ ಸಿದ್ಧಾಂತ. ತಮ್ಮ ಮದುವೆಯಲ್ಲಿ ಏನು ಮಾಡಿದರು ಗೊತ್ತೇ? ಇಡೀ ಮಂಟಪ ಅಕ್ಕಿಕಾಳು ಹಿಡಿದು ಕೈ ಎತ್ತಿದೆ, ವಾಲಗದವರು ಕೆನ್ನೆ ಉಬ್ಬಿಸಿದ್ದಾರೆ, ಅಯ್ಯನೋರು ಇನ್ನೇನು ತಾಳಿಗೆ ಸನ್ನೆ ಮಾಡಬೇಕು, ಆಗ ಮದುಮಗ ಎದ್ದು ನಿಂತು, “ತಡೀರಿ, ಛತ್ರದ ಗಡಿಯಾರ ಮುಂದೈತೆ, ಮುಹೂರ್ತಕ್ಕೆ ಇನ್ನೂ ನಾಕು ನಿಮಿಷ ಐತೆ” ಎಂದರು! ನಾಲ್ಕು ನಿಮಿಷ ಎಲ್ಲರೂ ಕೈ ಎತ್ತಿಕೊಂಡೇ ನಿಂತೆವು. ಸಿಟ್ಟಾಗಬೇಕಾದ ಅಕ್ಕ ತಲೆ ತಗ್ಗಿಸಿಕೊಂಡು ಭುಜ ಕುಣಿಸಿ ನಗುತ್ತಿದ್ದಳು. ಈ ಮನುಷ್ಯನ ಜೊತೆ ಇವಳು ಬಾಳುತ್ತಾಳೆ ಎಂದು ನನಗೆ ಧೈರ್ಯ ಬಂದದ್ದು ಆಗಲೇ.

ಈಗ ಅಕ್ಕನ ವಿಷಯಕ್ಕೆ ಬರೋಣ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಕಾಲ. ಅಕ್ಕ ಭಾವನ ಅಂಗಡಿಯಲ್ಲಿ ಕೂತು ಕೂತು ಆ ವಿದ್ಯೆಯಲ್ಲಿ ಅವರನ್ನೇ ಮೀರಿಸಿದ್ದಳು. ಹರಿಹರದ ಒಂದು ಹೆಣ್ಣುಮಕ್ಕಳ ಶಾಲೆಗೆ, ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇಟ್ಟಿದ್ದ ಶಾಲಾ ಸಮಿತಿಯ ಅಧ್ಯಕ್ಷರು ತಮ್ಮ ಆಫೀಸಿನ ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟರು. ಅವನ್ನು ಸಜ್ಜು ಮಾಡಿ ಹುಡುಗಿಯರಿಗೆ ಕಲಿಸುವವರು ಬೇಕಿತ್ತು. ಅಕ್ಕ ಅರ್ಜಿ ಹಾಕಿದಳು. ಅಧ್ಯಕ್ಷರು ಅವಳನ್ನು ಮೇಲಿಂದ ಕೆಳಗೆ ನೋಡಿ, “ಹೆಣ್ಣುಮಗಳು ಟೈಪಿಂಗ್ ಕಲಿಸ್ಬಹುದು ಬಿಡ್ರಿ. ಮಷಿನ್ ಒಳಗೆ ಕೈ ಹಾಕೋ ಕೆಲಸಕ್ಕೆ ಹುಬ್ಬಳ್ಳಿ ಪಾರ್ಟಿ ಐತೆ” ಎಂದರು. ಆಗ ಅವಳ ಪರ ನಿಂತವರು ಹೆಡ್ ಮೇಡಂ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕಂಕುಳಲ್ಲಿ ಕೊಡೆ, ಬಾಯಿ ತೆರೆದರೆ ಹೊಳೆಯ ಆಚೆ ದಡಕ್ಕೂ ಕೇಳಬೇಕು! “ನನ್ನ ಹುಡುಗ್ಯಾರಿಗೆ ಹೆಣ್ಣುಮಗಳೇ ಕಲಿಸ್ಲಿ” ಎಂದು ಪಟ್ಟು ಹಿಡಿದರು. ಕಡೆಗೆ ಅಧ್ಯಕ್ಷರು ಒಂದು ಷರತ್ತು ಹಾಕಿದರು. ಉದ್ಘಾಟನೆಯ ದಿನ ಅಕ್ಕ ಎಲ್ಲರ ಎದುರಿಗೆ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕಿ ನಡೆಸಿ ತೋರಿಸಬೇಕು. ತೋರಿಸಿದರೆ ಕೆಲಸ ಅವಳದು, ಇಲ್ಲವಾದರೆ ಹುಬ್ಬಳ್ಳಿ ಪಾರ್ಟಿಯದು.

ಅಕ್ಕ ಅಷ್ಟು ಆಸೆಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನಾಗ ಬಿ.ಎಡ್. ಮುಗಿಸಿ ಅವರ ಮನೆಯಲ್ಲಿದ್ದೆ. ಕೆಲಸ ಹುಡುಕುವುದೇ ನನ್ನ ಕೆಲಸ. ಹಾಗಾಗಿ ಸೀಡಿಗಳ ಚೀಲ ಹೊತ್ತು ಅಕ್ಕನ ಹಿಂದೆ ದಿನಾ ಹರಿಹರಕ್ಕೆ ಹೊರಟೆ.

ಇಲ್ಲಿ ಒಂದು ಸಂಗತಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಅಕ್ಕ ಆ ಕಂಪ್ಯೂಟರುಗಳಿಗೆ ಹಾಕುತ್ತಿದ್ದದ್ದು ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಪ್ರೋಗ್ರಾಮುಗಳನ್ನು. ಅವುಗಳಲ್ಲಿ ಒಂದಕ್ಕೆ ಇನ್ನೊಂದರ ಆಸರೆ ಬೇಕು. ಯಾವುದಕ್ಕೆ ಯಾವುದು ಬೇಕು, ಅದು ಬಂದಿದೆಯೋ ಇಲ್ಲವೋ ಎಂದು ನೋಡಿ ಒಂದೊಂದನ್ನೇ ಒಳಗೆ ಕೂರಿಸಲು ಪ್ಯಾಕೇಜ್ ಮ್ಯಾನೇಜರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮು ಇರುತ್ತದೆ. ಅಕ್ಕ ಅದಕ್ಕೆ ‘ಉಗ್ರಾಣಿ’ ಎಂದು ಹೆಸರಿಟ್ಟಿದ್ದಳು. ಮದುವೆ ಮನೆಯ ಉಗ್ರಾಣದಲ್ಲಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರು ಕೂತಿರುತ್ತಾರಲ್ಲ, ಬೆಲ್ಲ ಬಂದಿದೆ ಎಂದು ಖಾತ್ರಿಯಾಗದೆ ಹೋಳಿಗೆಗೆ ಅಪ್ಪಣೆ ಕೊಡದವರು, ಅವರ ಹಾಗೆಯೇ ಇದೂ. ಮೊದಲು ಹಾಕಬೇಕಾದ ಆಸರೆಯ ಪ್ರೋಗ್ರಾಮಿಗೆ ಅಕ್ಕ ಬೆಲ್ಲ ಎನ್ನುತ್ತಿದ್ದಳು, ಅದರ ಮೇಲೆ ಹಾಕುವ ಚಿತ್ರ ಬಿಡಿಸುವ ಪ್ರೋಗ್ರಾಮಿಗೆ ಹೋಳಿಗೆ. ಇದಿಷ್ಟು ನಿಮಗೆ ತಿಳಿದರೆ ನನಗೆ ತಿಳಿದಷ್ಟೇ ತಿಳಿದಂತೆ.

ಮೊದಲ ದಿನ ಭಾವನೂ ಜೊತೆಗೆ ಬಂದರು. ಬಂದವರು ಸುಮ್ಮನಿರಬಾರದೇ? ಹೆಡ್ ಮೇಡಂ ಕೋಣೆಗೆ ಕಾಲಿಟ್ಟ ಕೂಡಲೇ ಗೋಡೆ ನೋಡಿದರು. ಗಡಿಯಾರ ಹತ್ತು ನಿಮಿಷ ಮುಂದಿತ್ತು! ಮೇಡಂ ಅಕ್ಕನ ಜೊತೆ ಮಾತಾಡುತ್ತಿದ್ದಂತೆಯೇ ಇವರು ಅವರ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾರೆ.

“ಏನ್ ಮಾಡ್ತಿದ್ದೀರಿ ಸ್ವಾಮಿ?” ಎಂದು ಗುಡುಗಿದರು ಮೇಡಂ.

“ಗಡಿಯಾರ ತಪ್ಪೈತ್ರಿ.”

“ತಪ್ಪಿಲ್ಲ. ನಾನೇ ಇಟ್ಟೀನಿ. ನನ್ನ ಶಾಲಿ ಗಡಿಯಾರ ಎಲ್ಲಾ ಹತ್ತು ನಿಮಿಷ ಮುಂದೆ.”

“ಅದು ಸುಳ್ಳಲ್ಲೇನ್ರಿ ಮೇಡಂ?”

“ಹೌದು, ಸುಳ್ಳೇ. ನನ್ನ ಹತ್ತು ನಿಮಿಷದ ಸುಳ್ಳಿಗೆ ಹಳ್ಳಿ ಹುಡುಗ್ಯಾರು ಟೈಮಿಗೆ ಸರಿಯಾಗಿ ಪ್ರಾರ್ಥನೆಗೆ ನಿಂತಿರ್ತಾರೆ. ನಿಮ್ಮ ಸತ್ಯಕ್ಕೆ ಯಾರ್ ಬರ್ತಾರೆ ಹೇಳ್ರಿ. ಇಳೀರಿ ಕೆಳಗೆ!”

ಭಾವ ಇಳಿದರು, ಆದರೆ ಸೋತ ಮುಖ ಹೊತ್ತಲ್ಲ. ಅಕ್ಕ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬರಬೇಕಾಯಿತು. ಮೇಡಂ ಏನು ಕಡಿಮೆಯೇ? ಕಂಪ್ಯೂಟರಿನಲ್ಲೂ ಗಡಿಯಾರವಿರುತ್ತದೆಂದು ತಿಳಿದ ಮರುದಿನವೇ ಅದನ್ನು ಮುಂದಿಡುವುದು ಹೇಗೆಂದು ಅಕ್ಕನಿಂದ ಹೇಳಿಸಿಕೊಂಡರು. ಇಡೀ ಕಂಪ್ಯೂಟರಿನಲ್ಲಿ ಅವರು ಕಲಿತದ್ದು ಅದೊಂದೇ ವಿದ್ಯೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಬಂದು, ಒಂದು ಬೆರಳಿನಿಂದ ಕೀಲಿ ಕುಟ್ಟಿ ಎಲ್ಲ ಕಂಪ್ಯೂಟರುಗಳನ್ನೂ ಹತ್ತು ನಿಮಿಷ ಮುಂದಕ್ಕೆ ದೂಡಿ ಹೋಗುತ್ತಿದ್ದರು.

ತೊಂದರೆ ಶುರುವಾದದ್ದು ಆಮೇಲೆ. ಅಕ್ಕ ಬೆಲ್ಲ ಹಾಕುತ್ತಿದ್ದಳು, ಸರಾಗವಾಗಿ ಹೋಗುತ್ತಿತ್ತು. ಹೋಳಿಗೆ ಹಾಕಲು ಹೋದರೆ ಉಗ್ರಾಣಿ ತಟ್ಟನೆ ನಿಂತು, ಬೆಲ್ಲವೇ ಇಲ್ಲ ಎನ್ನುತ್ತಿತ್ತು! ಈಗ ತಾನೇ ಹಾಕಿದ್ದೀವಲ್ಲ ಮಾರಾಯ? ಇಲ್ಲ ಎಂದರೆ ಇಲ್ಲ. ಅಕ್ಕ ಮತ್ತೆ ಮತ್ತೆ ಕೇಳುತ್ತಿದ್ದಳು, ಅದು ಮತ್ತೆ ಮತ್ತೆ ಇಲ್ಲ ಎನ್ನುತ್ತಿತ್ತು. ತನ್ನದೇ ತಪ್ಪಿರಬೇಕೆಂದು ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದರೆ ಸುಮ್ಮನೆ ಹಾಕಿಸಿಕೊಳ್ಳುತ್ತಿತ್ತು. ದಿನಾ ಹೀಗೆ ಆಗುತ್ತಿದ್ದರೆ ಒಂದು ಮಾತು. ಕೆಲವು ಸಲ ಆಗುತ್ತಿತ್ತು, ಕೆಲವು ಸಲ ಇಲ್ಲ. ದಾವಣಗೆರೆಯ ಅಂಗಡಿಯಲ್ಲಂತೂ ಒಮ್ಮೆಯೂ ಆಗುತ್ತಿರಲಿಲ್ಲ. ಅಧ್ಯಕ್ಷರ ಎದುರಿಗೆ ಆಗಿಬಿಟ್ಟರೆ? ಅಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ.

ಭಾವ ಮಧ್ಯಾಹ್ನ ಅಂಗಡಿ ಮುಚ್ಚಿ, ನಮ್ಮಿಬ್ಬರ ಬುತ್ತಿ ಹಿಡಿದುಕೊಂಡು ಬಸ್ಸು ಹತ್ತಿ ಹರಿಹರಕ್ಕೆ ಬರುತ್ತಿದ್ದರು. ವಿಷಯ ಕೇಳಿ ಅವರ ಕಣ್ಣು ಹೊಳೆಯಿತು. “ಎಲ್ಲಿ, ಇನ್ನೊಂದ್ ಸಲ ಮಾಡು ನೋಡೋಣ” ಎಂದರು. ಅಕ್ಕ ಮಾಡಿದಳು. ಬೆಲ್ಲ ಹೋಯಿತು, ಹೋಳಿಗೆಯೂ ಹೋಯಿತು! ಮರುದಿನ ಅವರು ಬರುವ ಮುಂಚೆ ಕೆಟ್ಟಿತು, ಬಂದ ಮೇಲೆ ಸರಿಯಾಯಿತು. ಅದರ ಮರುದಿನವೂ ಹಾಗೆಯೇ. ಹೆಡ್ ಮೇಡಂ ಬಾಗಿಲಲ್ಲಿ ನಿಂತು ನೋಡಿ ಮೂಗಿನ ಮೇಲೆ ಬೆರಳಿಟ್ಟರು. “ನೋಡವ್ವ, ಗಡಿಯಾರದ ಬುದ್ಧಿ ಏನೇ ಇರ್ಲಿ, ನಿನ್ನ ಗಂಡನ ಕಾಲ್ಗುಣ ಚೊಲೋ ಐತೆ. ಹೊಸ್ತಿಲಾಗ ಕಾಲಿಟ್ರೆ ರೋಗ ಓಡ್ತೈತೆ. ಉದ್ಘಾಟನೆ ದಿನ ಕಂಪ್ಯೂಟರ್ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿಬಿಡು, ಸಾಕು.”

ಅಕ್ಕನಿಗೂ ಅದೇ ಸರಿಯೆನಿಸಿತು. ಭಾವನಿಗೆ ಅವಮಾನವಾಯಿತು! ಜೀವನವಿಡೀ ದೋಷಗಳನ್ನು ಬೆನ್ನಟ್ಟಿ ಹಿಡಿದ ಮನುಷ್ಯನನ್ನು ಹೊಸ ಸೊಸೆಯ ಹಾಗೆ ಕಾಲ್ಗುಣಕ್ಕೆ ಕೂರಿಸುವುದೆಂದರೇನು? ಆ ರಾತ್ರಿ ಮನೆಯಲ್ಲಿ ವಿಚಾರಣೆ ನಡೆಯಿತು.

“ಕೆಟ್ಟಾಗ ಯಾವ ಸೀರೆ ಉಟ್ಟಿದ್ದಿ?”

“ಸೀರೆಗೂ ಕಂಪ್ಯೂಟರಿಗೂ ಏನ್ ಸಂಬಂಧ ರೀ?”

“ಸಂಬಂಧ ಇಲ್ಲ ಅಂತ ನಿನಗೆ ಹೆಂಗೆ ಗೊತ್ತು?”

ಮರುದಿನ ಅಕ್ಕ ಹಿಂದಿನ ದಿನದ ಸೀರೆಯನ್ನೇ ಉಟ್ಟು ಹೋಗಬೇಕಾಯಿತು. ನನಗೂ ಬಿಡಲಿಲ್ಲ. ದೋಷ ಕಂಡಾಗ ನಾನು ಕಿಟಕಿಯ ಬಳಿ ಕೂತು ಹುಣಸೆಹಣ್ಣು ಚೀಪುತ್ತಿದ್ದೆ ಎಂದು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಹಲ್ಲು ಚುಳ್ಳೆನ್ನುವವರೆಗೆ ಚೀಪಿಸಿದರು! ದೋಷ ಬರಲಿಲ್ಲ.

ಆಗ ಭಾವನಿಗೊಂದು ಉಪಾಯ ಹೊಳೆಯಿತು. ತಾವು ಎದುರಿಗಿದ್ದರೆ ಬರುವುದಿಲ್ಲ, ಸರಿ, ಅಡಗಿ ನೋಡೋಣ. “ನಾಳೆ ನಾನು ಬರಲ್ಲ, ಅಂಗಡ್ಯಾಗ ಕೆಲಸ ಐತೆ” ಎಂದು ಅಕ್ಕನಿಗೆ ಹೇಳಿದರು. ನಾವು ಒಳಗೆ ಕೆಲಸ ಮಾಡುತ್ತಿದ್ದಾಗ ಹಿತ್ತಲ ಕಡೆಯಿಂದ ಬಂದು, ಬೇವಿನ ಮರದ ಮರೆಯಲ್ಲಿ ನಿಂತು ಕಿಟಕಿಯೊಳಗೆ ಇಣುಕತೊಡಗಿದರು. ಹೆಣ್ಣುಮಕ್ಕಳ ಶಾಲೆ! ತಲೆಗೆ ಟವೆಲ್ ಸುತ್ತಿದ ಗಂಡಸು! ಹುಡುಗಿಯರ ಕಿರುಚಾಟಕ್ಕೆ ಹೆಡ್ ಮೇಡಂ ಕೊಡೆ ಎತ್ತಿಕೊಂಡೇ ಓಡಿಬಂದರು.

“ಯಾರ್ಲೇ ಅದು? ಹುಡುಗ್ಯಾರ ಶಾಲಿ ಕಿಟಕಿ ಹತ್ರ ಏನ್ ನೋಡ್ತಿದ್ದಿ?”

“ದೋಷ ನೋಡ್ತಿದ್ದೆ ಮೇಡಂ.”

“ಯಾರ ದೋಷ?” ಎನ್ನುತ್ತಾ ಟವೆಲ್ ಎಳೆದರು. ಮುಖ ಕಂಡು ಕೊಡೆ ಅರ್ಧಕ್ಕೇ ನಿಂತಿತು. ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತಂತೆ. ಭಾವನಿಗೆ ನಾಚಿಕೆಯೂ ಇಲ್ಲ ಏನೂ ಇಲ್ಲ. ಅವರ ದುಃಖವೇ ಬೇರೆ. ಅಡಗಿ ನೋಡಿದರೂ ದೋಷ ಬಂದಿರಲಿಲ್ಲ!

ಬಸ್ಸಿನಲ್ಲಿ ಅಕ್ಕ ಅವರ ಪಕ್ಕ ಕೂರಲಿಲ್ಲ. ನಾನು ಕೂತೆ. ಹರಿಹರ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದ ಭಾವ ಮೆಲ್ಲಗೆ ಹೇಳಿದರು: “ನೋಡವ್ವ. ನಾನು ಎದುರಿಗಿದ್ರೆ ಅದು ಬರಲ್ಲ. ಬರಲ್ಲ ಅಂತ ಹೇಳಿ ಅಡಗಿ ನಿಂತ್ರೂ ಬರಲ್ಲ. ನಾನು ಬರ್ತೀನಿ ಅಂತ ಹೇಳಿ, ಇನ್ನೂ ಬಂದಿರದಾಗ ಮಾತ್ರ ಬರ್ತೈತೆ. ನಾನು ಬರೋದು ಆ ಯಂತ್ರಕ್ಕೆ ಹೆಂಗೆ ಗೊತ್ತಾಗ್ತೈತೆ?” ನಾನು ನಕ್ಕೆ. ಅವರು ನಗಲಿಲ್ಲ.

ಉದ್ಘಾಟನೆಯ ದಿನ ಬಂತು. ಹಿಂದಿನ ದಿನ ಅಕ್ಕ ಮುನಿಸು ಬಿಟ್ಟು, “ಒಂದ್ ಘಳಿಗೆ ಮುಂಚೆನೇ ಬಂದು ಕುರ್ಚಿ ಮ್ಯಾಲೆ ಕೂಡ್ರಿ. ಈ ಸಲ ನನ್ನ ಮರ್ಯಾದೆ ನಿಮ್ಮ ಕಾಲಾಗೈತೆ” ಎಂದು ಅಂಗಲಾಚಿದ್ದಳು. ಭಾವ, “ಹನ್ನೊಂದಕ್ಕೆ ಸರಿಯಾಗಿ ಬಾಗಿಲಾಗಿರ್ತೀನಿ” ಎಂದು ಮಾತು ಕೊಟ್ಟರು. ಅವರು ಹನ್ನೊಂದೆಂದರೆ ಹನ್ನೊಂದೇ, ಅದರಲ್ಲಿ ಅನುಮಾನವಿರಲಿಲ್ಲ.

ಬಾಗಿಲಿಗೆ ಮಾವಿನ ತೋರಣ, ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಅಧ್ಯಕ್ಷರು, ಸಮಿತಿಯವರು ಮುಂದಿನ ಸಾಲಿನಲ್ಲಿ. ಹಿಂದೆ ಹುಡುಗಿಯರು, ಅವರ ಹಿಂದೆ ತಾಯಿತಂದೆಯರು. ಅಧ್ಯಕ್ಷರಿಗೆ ಆತುರ. “ಶುರು ಮಾಡ್ರಿ ಮೇಡಂ” ಎಂದುಬಿಟ್ಟರು. ಅಕ್ಕ ಬಾಗಿಲು ನೋಡಿದಳು. ಭಾವ ಬಂದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಬೆಲ್ಲ ಹಾಕಿದಳು, ಹೋಯಿತು. ಮತ್ತೆ ಬಾಗಿಲು ನೋಡಿದಳು, ಕೈಗಡಿಯಾರ ನೋಡಿದಳು, ಕೀಲಿಗಳ ಮೇಲೆ ಏನೋ ಸರಸರ ಒತ್ತಿದಳು. ಆಮೇಲೆ ಹೋಳಿಗೆ. ಉಗ್ರಾಣಿ ನಿಂತಿತು. ಬೆಲ್ಲವೇ ಇಲ್ಲ!

ಅಕ್ಕ ಇನ್ನೊಮ್ಮೆ ಒತ್ತಿದಳು. ಇಲ್ಲ. ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ‘ಹುಬ್ಬಳ್ಳಿ’ ಎಂಬ ಮಾತು ನನಗೂ ಕೇಳಿಸಿತು, ಅಕ್ಕನಿಗೂ ಕೇಳಿಸಿರಬೇಕು. ಹೆಡ್ ಮೇಡಂ ಕೊಡೆಯನ್ನು ಗಟ್ಟಿಯಾಗಿ ಹಿಡಿದು ನೆಲ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು:

“ಬಂತು! ಬಂತು! ಯಾರೂ ಏನೂ ಮುಟ್ಟಬ್ಯಾಡ್ರಿ!”

ತಾಯಿತಂದೆಯರ ನಡುವಿನಿಂದ, ತಲೆಯ ಟವೆಲ್ ಕಿತ್ತೆಸೆದು, ಭಾವ ಹುಡುಗಿಯರನ್ನು ದಾಟಿಕೊಂಡು ಓಡಿಬರುತ್ತಿದ್ದರು! ಬರುತ್ತೇನೆಂದು ಹೇಳಿ ಇನ್ನೂ ಬಂದಿರದವರ ಹಾಗೆ, ಮೊದಲೇ ಬಂದು ಅಲ್ಲಿ ಕೂತಿದ್ದರಂತೆ. ಕಟ್ಟಿಕೊಂಡ ಹೆಂಡತಿಯ ಮರ್ಯಾದೆ ಊರ ಮುಂದೆ ಹೋಗುತ್ತಿದ್ದರೆ ಇವರ ಮುಖದಲ್ಲಿ ಮಗ ಹುಟ್ಟಿದಷ್ಟು ಸಂತೋಷ. ಅಕ್ಕ ಅವರನ್ನು ನೋಡಿದ ನೋಟವಿತ್ತಲ್ಲ, ಅದರಲ್ಲಿ ಬೇರೆ ಗಂಡಸು ಸುಟ್ಟೇ ಹೋಗುತ್ತಿದ್ದ.

“ಈಗೇನ್ ಮಾಡ್ದಿ? ಒಂದೂ ಬಿಡದಂಗೆ ಹೇಳು” ಎಂದರು ಭಾವ.

“ಬೆಲ್ಲ ಹಾಕ್ದೆ. ಹೋಳಿಗೆ ಕೇಳ್ದೆ.”

“ನಡುವೆ ಏನೋ ಒತ್ತಿದಿ. ಹಿಂದಿಂದ ನೋಡಿದೀನಿ. ಏನದು?”

ಅಕ್ಕ ಹೆಡ್ ಮೇಡಂ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. “ಗಡಿಯಾರ” ಎಂದಳು ಮೆಲ್ಲಗೆ. “ಹತ್ತು ನಿಮಿಷ ಹಿಂದಕ್ಕಿಟ್ಟೆ. ಸರಿಯಾದ ಟೈಮಿಗೆ.”

“ನೀನ್ಯಾಕ ಗಡಿಯಾರ ಮುಟ್ಟಿದಿ?”

“ನೀವು ಬರ್ತೀರಲ್ಲ ಅಂತ.” ಅವಳ ದನಿ ಸಣ್ಣದಾಯಿತು. “ಬಂದ ಕೂಡ್ಲೆ ತಪ್ಪು ಟೈಮ್ ನೋಡಿ ನಿಮಗೆ ಸಂಕಟ ಆಗ್ತೈತೆ. ಮೇಡಂ ಜೊತೆ ಜಗಳ ಆಗ್ತೈತೆ. ಅದಕ್ಕೆ ದಿನಾ ನೀವು ಬರೋ ಹೊತ್ತಿಗೆ ಸರಿ ಮಾಡಿ ಇಡ್ತಿದ್ದೆ.”

ಭಾವ ಕಂಪ್ಯೂಟರಿನ ಗಡಿಯಾರ ನೋಡಿದರು, ಅಕ್ಕನನ್ನು ನೋಡಿದರು. ಅಷ್ಟರಲ್ಲಿ ಹೆಡ್ ಮೇಡಂ ಕೂಗಿದರು. “ಅಯ್ಯ ನನ್ನ ಶಿವನೇ! ನಾನು ಮುಂದಿಟ್ಟದ್ದು ಮರುದಿನ ಹಿಂದಕ್ಕೆ ಬಂದಿರ್ತಿತ್ತಲ್ಲ, ಅದು ನೀನೇನು? ನಾನು ಮಷಿನಿಗೆ ವಯಸ್ಸಾತು, ನಡಿಗೆ ನಿಧಾನ ಆಗೈತೆ ಅಂದ್ಕೊಂಡಿದ್ದೆ!”

“ಮೇಡಂ,” ಭಾವ ಕೈ ಮುಗಿದರು, “ಇನ್ನೊಂದ್ ಸಲ ಮುಂದಕ್ಕಿಡ್ರಿ ನೋಡೋಣ!” ಈ ಮನುಷ್ಯ ಗಡಿಯಾರ ಮುಂದಿಡಿ ಎಂದು ಬೇಡಿಕೊಳ್ಳುವ ದಿನ ಬರುತ್ತದೆಂದು ಯಾರು ತಿಳಿದಿದ್ದರು? ಮೇಡಂ ಗತ್ತಿನಿಂದ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಒಂದು ಬೆರಳಿನಿಂದ ಕುಟ್ಟಿ ನೋಡಿದರು. ಅದು ಆಗಲೇ ಮುಂದಿತ್ತು. ಅಕ್ಕ ಬೆಲ್ಲ ಹಾಕಿದಳು. ಗಡಿಯಾರ ಹಿಂದಕ್ಕಿಟ್ಟಳು. ಹೋಳಿಗೆ ಕೇಳಿದಳು. ಇಲ್ಲ! ಮೂರನೆಯ ಕಂಪ್ಯೂಟರ್. ಇಲ್ಲ! ನಾಲ್ಕನೆಯದು. ಇಲ್ಲ! ಒಂದೊಂದು ‘ಇಲ್ಲ’ಕ್ಕೂ ಭಾವ ಚಪ್ಪಾಳೆ ಹೊಡೆದರು, ಅವರನ್ನು ನೋಡಿ ಹುಡುಗಿಯರೂ ಹೊಡೆದರು. ಕೆಲಸ ಮಾಡಿ ತೋರಿಸಲು ಕರೆದರೆ, ಸಾಲುಸಾಲಾಗಿ ಕೆಡಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಧ್ಯಕ್ಷರು ಕುರ್ಚಿಯ ತುದಿಗೆ ಬಂದಿದ್ದರು. “ಏನ್ ನಡೀತೈತ್ರಿ ಇಲ್ಲಿ? ಯಾರಾದ್ರೂ ನಮಗೂ ತಿಳಿಯಂಗೆ ಹೇಳ್ರಿ” ಎಂದರು.

ಭಾವ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದರು. ಹೇಳಿದವಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರ ಮುಂದೆ ನಿಂತಳು. “ಸರ್, ಮದುವೆ ಮನೆ ಉಗ್ರಾಣ ಅಂತ ತಿಳ್ಕೊಳ್ರಿ. ಬೆಲ್ಲ ಬಂದಾಗ ಗಡಿಯಾರದಾಗ ಹನ್ನೊಂದು ಗಂಟೆ. ಉಗ್ರಾಣಿ ಅದನ್ನ ನೆನಪಿಟ್ಕೊಂಡ. ಆಮ್ಯಾಲೆ ಯಾರೋ ಬಂದು ಗಡಿಯಾರನ ಹತ್ತು ಐವತ್ತಕ್ಕೆ ತಿರುವಿದ್ರು. ಈಗ ನಾನು ಹೋಗಿ ಹೋಳಿಗೆಗೆ ಬೆಲ್ಲ ಕೊಡಪ್ಪ ಅಂದ್ರೆ, ಅವನು ಗಡಿಯಾರ ನೋಡಿ ಏನಂತಾನೆ? ‘ಬೆಲ್ಲ ಬರೋದು ಹನ್ನೊಂದಕ್ಕಲ್ಲೇನವ್ವ? ಇನ್ನೂ ಬಂದಿಲ್ಲ.’ ಕಾಲಡಿಗೆ ಬೆಲ್ಲದ ಪಿಂಡಿ ಇಟ್ಕೊಂಡೇ ಹಂಗಂತಾನೆ ಸರ್. ಯಾಕಂದ್ರೆ ಅವನು ಕಣ್ಣಿಗಿಂತ ಗಡಿಯಾರ ನಂಬ್ತಾನೆ. ಹತ್ತು ನಿಮಿಷ ಕಳೀಲಿ, ತಾನೇ ಕೊಡ್ತಾನೆ.”

“ಹತ್ತು ನಿಮಿಷ ಬಿಟ್ರೆ ತಾನೇ ಸರಿಹೋಗ್ತೈತಾ?”

“ಚಾ ಕುಡೀರಿ ಸರ್, ಆಮ್ಯಾಲೆ ನೋಡೋಣ.”

ಚಹಾ ಬಂತು. ಎಲ್ಲರೂ ಕುಡಿದರು. ಲೋಟ ಕೆಳಗಿಟ್ಟು ಅಕ್ಕ ಮೊದಲ ಕಂಪ್ಯೂಟರಿಗೆ ಹೋಳಿಗೆ ಕೇಳಿದಳು, ಬಂತು! ಎರಡನೆಯದು ಬಂತು, ಮೂರನೆಯದು, ನಾಲ್ಕನೆಯದು, ಎಲ್ಲವೂ ಬಂದವು. ಕೊನೆಯದರ ಪರದೆಯ ಮೇಲೆ ಒಬ್ಬ ಹುಡುಗಿ ದೊಡ್ಡ ಸೂರ್ಯನನ್ನು ಬರೆದಳು. ಅಧ್ಯಕ್ಷರು ಎದ್ದು ನಿಂತರು. ಅಕ್ಕನ ಕಡೆ ತಿರುಗಿ ಅವರು ಹೇಳಿದ್ದಿಷ್ಟೇ: “ಮೇಡಂ, ಅದನ್ನ ಇನ್ನೊಂದ್ ಸಲ ಕೆಡಿಸಿ ತೋರಿಸ್ರಿ ನೋಡೋಣ!” ಭಾವನ ಕಣ್ಣಲ್ಲಿ ನೀರು ಬಂತು. ಲೋಕದಲ್ಲಿ ಅವರ ಮಂತ್ರವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಕೆಲಸ ಅಕ್ಕನಿಗೆ ಸಿಕ್ಕಿತು. ಹುಬ್ಬಳ್ಳಿಯ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ. ಭಾವ ಉಗ್ರಾಣಿಯ ಒಳಗನ್ನು ಬಿಚ್ಚಿ, ತಪ್ಪಿದ್ದ ಜಾಗ ಹುಡುಕಿ ತಿದ್ದಿದರು. ಕಡಲಾಚೆ ಅದನ್ನು ಬರೆದವರಿಗೂ ತಿಳಿಸಬೇಕೆಂದು, ಊರಿಗೆ ಹೊಸದಾಗಿ ಬಂದಿದ್ದ ಇಂಟರ್ನೆಟ್ ಅಂಗಡಿಗೆ ಹೋಗಿ ಸುದ್ದಿ ಕಳಿಸಿದರು. ನಮ್ಮಲ್ಲಿ ಹೀಗೆ ಆಗುತ್ತಲೇ ಇಲ್ಲವಲ್ಲ, ನಿಮ್ಮಲ್ಲಿ ಆಗಿಸುವುದು ಹೇಗೆ ಎಂದು ಅವರು ಕೇಳಿದರು. ಕೇಳಬೇಕೇ! ಭಾವ ಕ್ರಮವಾಗಿ ಬರೆದು ಕಳಿಸಿದರು. ಮೊದಲನೆಯ ಸಾಲು: “ಒಬ್ಬ ಹೆಡ್ ಮೇಡಂ ಬೇಕು.” ಎರಡನೆಯ ಸಾಲು: “ಒಬ್ಬ ಹೆಂಡತಿ ಬೇಕು.” ಆ ಕಡೆಯವರು ಏನೆಂದುಕೊಂಡರೋ, ಮುಂದೆ ಬಂದ ಸೀಡಿಯಲ್ಲಿ ಉಗ್ರಾಣಿ ಗುಣವಾಗಿತ್ತು. ತಿದ್ದುಪಡಿಗಳ ಪಟ್ಟಿಯಲ್ಲಿ ಹರಿಹರದ ಹೆಸರಿತ್ತು. ಹೆಡ್ ಮೇಡಂ ಅದನ್ನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ತಮ್ಮ ಕೋಣೆಯಲ್ಲಿ ಹತ್ತು ನಿಮಿಷ ಮುಂದಿರುವ ಗಡಿಯಾರದ ಕೆಳಗೇ ತೂಗುಹಾಕಿದರು.

ಮುಂದಿನ ವರ್ಷ ನನಗೂ ಬೇರೆ ಊರಿನಲ್ಲಿ ಕೆಲಸವಾಯಿತು. ರಜೆಗೆಂದು ಅಕ್ಕನ ಮನೆಗೆ ಬಂದವಳು ಬೆಳಿಗ್ಗೆ ಅಡುಗೆಮನೆಗೆ ಹೋದೆ. ಒಲೆಯ ಮೇಲಿನ ಗೋಡೆಯಲ್ಲಿ ಹೊಸ ಗಡಿಯಾರವಿತ್ತು. ನನ್ನ ವಾಚಿಗೆ ಹೋಲಿಸಿ ನೋಡಿದೆ. ಹತ್ತು ನಿಮಿಷ ಮುಂದೆ! ಭಾವನ ಮನೆಯಲ್ಲಿ ಸುಳ್ಳು ಗಡಿಯಾರ! ಇಷ್ಟು ವರ್ಷಕ್ಕೆ ಸಿಕ್ಕಿಬಿದ್ದರಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ನಾನೇ ಸರಿ ಮಾಡಿ ಅವರನ್ನು ಕರೆದು ಆಡಿಕೊಳ್ಳೋಣವೆಂದು ಸ್ಟೂಲು ಎಳೆದು ಹತ್ತಿದೆ.

“ಏ, ಮುಟ್ಟಬ್ಯಾಡವ್ವ.” ಭಾವ ಬಾಗಿಲಲ್ಲಿ ನಿಂತಿದ್ದರು.

“ಭಾವ, ಇದು ಹತ್ತು ನಿಮಿಷ ಮುಂದೈತೆ!”

“ಗೊತ್ತೈತೆ. ನಾನೇ ಇಟ್ಟೀನಿ.” ಹೊರಗೆ ಜಡೆ ಹಾಕಿಕೊಳ್ಳುತ್ತಿದ್ದ ಅಕ್ಕನ ಕಡೆ ನೋಡಿ ದನಿ ತಗ್ಗಿಸಿದರು. “ನಿಮ್ಮಕ್ಕ ದಿನಾ ಹರಿಹರದ ಬಸ್ಸಿನ ಹಿಂದೆ ಓಡ್ತಿದ್ಲು. ಒಂದಿನ ಬಿದ್ದು ಮಂಡಿ ತರಚ್ಕೊಂಡ್ಲು. ಮನ್ಯಾಗ ಯಾರಿಗೂ ಹೇಳ್ಲಿಲ್ಲ. ನಾನು ಅಂಗಡಿ ಬಾಗಿಲು ತೆಗೀತಾ ನೋಡ್ದೆ.”

“ಅಕ್ಕನಿಗೆ ಇದು ಗೊತ್ತಾ?”

“ಗೊತ್ತಿರದೆ ಏನು? ದಿನಾ ಇದನ್ನ ನೋಡ್ತಾಳೆ, ಕೈಯಾಗಿನ ವಾಚೂ ನೋಡ್ತಾಳೆ. ಏನೂ ಅನ್ನಲ್ಲ.”

ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ಗೋಡೆಯ ಗಡಿಯಾರ ನೋಡಿದಳು. “ಅಯ್ಯೋ, ಹೊತ್ತಾತು!” ಎಂದು ಬಿಸಿ ಚಹಾ ಎರಡೇ ಗುಟುಕಿಗೆ ಕುಡಿದು, ಚೀಲ ಹೆಗಲಿಗೇರಿಸಿ, ಭಾವನ ಕಡೆ ಒಮ್ಮೆ ನೋಡಿ ಹೊರಟಳು. ಓಡಲಿಲ್ಲ, ನಿಧಾನವಾಗಿ ನಡೆದುಕೊಂಡೇ ಹೋದಳು. ಭಾವ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದರು.

ಆಡಿಕೊಳ್ಳಬೇಕೆಂದು ಹತ್ತಿದ್ದವಳು, ಗಡಿಯಾರಕ್ಕೆ ಅಂಟಿದ್ದ ಒಗ್ಗರಣೆಯ ಜಿಡ್ಡನ್ನು ಸೆರಗಿನಿಂದ ಒರೆಸಿ, ಮುಳ್ಳುಗಳನ್ನು ಮುಟ್ಟದೆ ಕೆಳಗಿಳಿದೆ.